ಕೈಕಸುಬಿನ ಕಿರು ವ್ಯಾಪಾರದ ಲೆಕ್ಕಪತ್ರ ಮತ್ತು ತೆರಿಗೆ: ಕಪಾಟಿನ ಸರಕಿನಿಂದ ಆರಂಭಿಸಿ

ಕೈಯಿಂದ ವಸ್ತುಗಳನ್ನು ಮಾಡಿ ಮಾರುವವರ ಲೆಕ್ಕ ಬೇರೆ ಸಣ್ಣ ವ್ಯಾಪಾರಗಳ ಲೆಕ್ಕಕ್ಕಿಂತ ತುಸು ತೊಡಕಿನದು. ಅಂಗಡಿಯವರು ತಂದ ಸರಕನ್ನೇ ಮಾರುತ್ತಾರೆ. ಪಾಠ ಹೇಳುವವರಿಗೂ ಅನುವಾದ ಮಾಡುವವರಿಗೂ ದಾಸ್ತಾನು ಎಂಬುದೇ ಇರುವುದಿಲ್ಲ. ಕುಶಲಕರ್ಮಿಯ ಹಣವಾದರೋ ಏಕಕಾಲಕ್ಕೆ ಮೂರು ರೂಪಗಳಲ್ಲಿ ಕುಳಿತಿರುತ್ತದೆ: ಮೂಲೆಯಲ್ಲಿ ಬಿಚ್ಚದೆ ಇಟ್ಟ ಕಚ್ಚಾಮಾಲು, ಮೇಜಿನ ಮೇಲೆ ಅರ್ಧ ಮುಗಿದ ಕೆಲಸ, ಕಪಾಟಿನಲ್ಲಿ ಗಿರಾಕಿಗಾಗಿ ಕಾಯುತ್ತಿರುವ ಸಿದ್ಧವಸ್ತು. ಈ ಮೂರನ್ನೂ ಪುಸ್ತಕದಲ್ಲಿ ಸರಿಯಾಗಿ ಕಾಣಿಸಲು ಕಲಿತವರಿಗೆ ತೆರಿಗೆಯ ಕೆಲಸ ಮುಕ್ಕಾಲು ಪಾಲು ಮುಗಿದಂತೆಯೇ. ನಾನು ಸೆರಾಮಿಕ್ ಬಟ್ಟಲುಗಳನ್ನು ಮಾಡಿ ಮಾರುತ್ತೇನೆ. ಮೊದಲ ಎರಡು ವರ್ಷ ಬಂದ ಹಣವನ್ನು ಒಂದು ಕಡೆ, ಹೋದ ಹಣವನ್ನು ಇನ್ನೊಂದು ಕಡೆ ಕೂಡಿಸಿ, ವ್ಯತ್ಯಾಸವನ್ನೇ ಲಾಭವೆಂದು ನಂಬಿದ್ದೆ. ಆ ಎರಡು ವರ್ಷಗಳ ಲೆಕ್ಕವನ್ನು ಮತ್ತೆ ಮೊದಲಿನಿಂದ ಬರೆಯಬೇಕಾಗಿ ಬಂದಾಗ ಕಲಿತದ್ದನ್ನೇ ಇಲ್ಲಿ ಕ್ರಮವಾಗಿ ಹೇಳುತ್ತಿದ್ದೇನೆ.

ಮೊದಲು ಪಟ್ಟಿ, ಆಮೇಲೆ ಪುಸ್ತಕ

ಪ್ರತಿ ವಹಿವಾಟನ್ನೂ ಎರಡು ಕಡೆ ಬರೆಯುವ, ಇಂದು ಜಗತ್ತೆಲ್ಲ ಬಳಸುವ ಜೋಡಿ ನಮೂದಿನ ಲೆಕ್ಕಪದ್ಧತಿಯನ್ನು ವಿವರವಾಗಿ ಮುದ್ರಿಸಿ ಹರಡಿದವರು ಗಣಿತಜ್ಞರೂ ಫ್ರಾನ್ಸಿಸ್ಕನ್ ಸನ್ಯಾಸಿಯೂ ಆಗಿದ್ದ ಲೂಕಾ ಪಾಚೋಲಿ. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಅವರ ಬರಹ ವ್ಯಾಪಾರಿಗೆ ಹೇಳುವ ಮೊದಲ ಕೆಲಸವೆಂದರೆ ತನ್ನ ಬಳಿ ಇರುವುದನ್ನೆಲ್ಲ ಒಂದೂ ಬಿಡದೆ ಪಟ್ಟಿ ಮಾಡುವುದು. ಐನೂರು ವರ್ಷಗಳ ನಂತರವೂ ಕೈಕಸುಬಿನವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ. ಕಿರ್ದಿಯನ್ನು, ಎಂದರೆ ದಿನದಿನದ ಜಮಾ-ಖರ್ಚು ಬರೆಯುವ ಪುಸ್ತಕವನ್ನು, ತೆರೆಯುವ ಮೊದಲು ಒಂದು ದಿನವನ್ನು ಇದಕ್ಕಾಗಿ ಮೀಸಲಿಟ್ಟು, ಕೈಯಲ್ಲಿರುವ ನಗದು, ಬ್ಯಾಂಕಿನ ಶಿಲ್ಕು, ಕಚ್ಚಾಮಾಲಿನ ತೂಕ ಅಥವಾ ಅಳತೆ, ಅರ್ಧ ಮುಗಿದ ಮತ್ತು ಪೂರ್ಣಗೊಂಡ ವಸ್ತುಗಳ ಎಣಿಕೆ, ಉಪಕರಣಗಳು, ಬರಬೇಕಾದ ಬಾಕಿ, ಕೊಡಬೇಕಾದ ಬಾಕಿ ಇವೆಲ್ಲವನ್ನೂ ದಿನಾಂಕ ಹಾಕಿ ಬರೆದಿಡಿ. ವ್ಯಾಪಾರ ಆರಂಭವಾಗುವ ಮೊದಲೇ ನಿಮ್ಮ ಸ್ವಂತದ್ದಾಗಿದ್ದು ಈಗ ವ್ಯಾಪಾರಕ್ಕೆ ಬಳಕೆಯಾಗುತ್ತಿರುವ ಹೊಲಿಗೆ ಯಂತ್ರ, ಮಗ್ಗ, ಕುಲುಮೆ ಮುಂತಾದವು ಕೂಡ ಈ ಪಟ್ಟಿಗೆ ಸೇರಬೇಕು. ಅವುಗಳ ಇಂದಿನ ಮೌಲ್ಯವು ನೀವು ವ್ಯಾಪಾರಕ್ಕೆ ಹಾಕಿದ ಬಂಡವಾಳದ ಒಂದು ಭಾಗ, ಮತ್ತು ಬಹಳಷ್ಟು ದೇಶಗಳಲ್ಲಿ ಅವುಗಳ ಮೇಲೆ ಸವಕಳಿ, ಎಂದರೆ ಬಳಕೆಯಿಂದ ವರ್ಷ ವರ್ಷ ಕುಗ್ಗುವ ಬೆಲೆಯ ಕಳೆತ, ಪಡೆಯಲು ಅವಕಾಶವಿರುತ್ತದೆ.

ಪಟ್ಟಿ ಮುಗಿದ ಕೂಡಲೇ ವ್ಯಾಪಾರಕ್ಕೆಂದೇ ಪ್ರತ್ಯೇಕ ಬ್ಯಾಂಕ್ ಖಾತೆಯೊಂದನ್ನು ತೆರೆಯಿರಿ. ಒಬ್ಬರೇ ನಡೆಸುವ ವ್ಯಾಪಾರಕ್ಕೆ ಕಾನೂನು ಇದನ್ನು ಎಲ್ಲೆಡೆ ಕಡ್ಡಾಯ ಮಾಡದಿದ್ದರೂ, ಮನೆಯ ಖರ್ಚು ಮತ್ತು ವ್ಯಾಪಾರದ ಖರ್ಚು ಒಂದೇ ಖಾತೆಯಲ್ಲಿ ಹರಿದರೆ ಒಂದೊಂದು ಸಾಲನ್ನೂ ನೆನಪಿನಿಂದ ಬಿಡಿಸಬೇಕಾಗುತ್ತದೆ, ಆರು ತಿಂಗಳ ಹಿಂದಿನ ನೆನಪು ಯಾರಿಗೂ ಸಾಕ್ಷಿಯಾಗುವುದಿಲ್ಲ. ಮನೆಗೆ ಹಣ ಬೇಕಾದಾಗ ವ್ಯಾಪಾರದ ಖಾತೆಯಿಂದ ಒಂದು ಮೊತ್ತವನ್ನು ಒಟ್ಟಿಗೆ ತೆಗೆದು ‘ಸ್ವಂತಕ್ಕೆ ತೆಗೆದದ್ದು’ ಎಂದು ಬರೆಯಿರಿ. ಅದು ಖರ್ಚಲ್ಲ, ನಿಮ್ಮ ಬಂಡವಾಳದಲ್ಲಿ ಆದ ಇಳಿಕೆ. ಏಕವ್ಯಕ್ತಿ ವ್ಯಾಪಾರದಲ್ಲಿ ಮಾಲೀಕರು ತಮಗೆ ತಾವೇ ಕೊಟ್ಟುಕೊಳ್ಳುವ ಸಂಬಳವನ್ನು ತೆರಿಗೆಯ ಲೆಕ್ಕದಲ್ಲಿ ಸಾಮಾನ್ಯವಾಗಿ ಕಳೆಯಲಾಗುವುದಿಲ್ಲ ಎಂಬುದನ್ನು ಹೊಸಬರು ಇಲ್ಲಿಯೇ ತಿಳಿದಿರಬೇಕು.

ಹವ್ಯಾಸವೋ ವ್ಯಾಪಾರವೋ ಎಂಬ ಪ್ರಶ್ನೆಯನ್ನೂ ಇದೇ ಹಂತದಲ್ಲಿ ಬಗೆಹರಿಸಿಕೊಳ್ಳಬೇಕು. ಅಮೆರಿಕದಲ್ಲಿ ಒಂದು ಚಟುವಟಿಕೆ ಐದು ವರ್ಷಗಳಲ್ಲಿ ಮೂರು ವರ್ಷ ಲಾಭ ತೋರಿಸಿದರೆ ಅದು ಲಾಭದ ಉದ್ದೇಶದಿಂದಲೇ ನಡೆಯುತ್ತಿದೆ ಎಂದು ಕಾನೂನು ಮೊದಲಿಗೆ ಭಾವಿಸುತ್ತದೆ. ಬ್ರಿಟನ್‌ನಲ್ಲಿ ವರ್ಷಕ್ಕೆ 1,000 ಪೌಂಡ್‌ವರೆಗಿನ ಇಂಥ ವಹಿವಾಟಿನ ಆದಾಯಕ್ಕೆ 2017ರಿಂದ ವಿನಾಯಿತಿ ಇದೆ. ನಿಯಮ ಎಲ್ಲಿ ಹೇಗೇ ಇರಲಿ, ಪದೇ ಪದೇ ಮಾಡಿ, ಬೆಲೆ ಕಟ್ಟಿ, ಅಪರಿಚಿತರಿಗೆ ಮಾರುವವರನ್ನು ತೆರಿಗೆ ಇಲಾಖೆ ವ್ಯಾಪಾರಿ ಎಂದೇ ನೋಡುವ ಸಂಭವ ಹೆಚ್ಚು. ದಿನದಿನದ ಲೆಕ್ಕ ಇಟ್ಟಿರುವುದೇ ನೀವು ಇದನ್ನು ವ್ಯಾಪಾರವಾಗಿ ನಡೆಸುತ್ತಿದ್ದೀರಿ ಎನ್ನುವುದಕ್ಕೆ ಬಲವಾದ ಪುರಾವೆಗಳಲ್ಲಿ ಒಂದು.

ಕಿರ್ದಿಯ ಒಂದು ಸಾಲು

ಕಿರ್ದಿಗೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಸ್ಪ್ರೆಡ್‌ಶೀಟ್ ಸಾಕು, ಗೆರೆ ಎಳೆದ ಪುಸ್ತಕವೂ ಸಾಕು. ಪ್ರತಿ ಸಾಲಿನಲ್ಲಿ ದಿನಾಂಕ, ವೋಚರ್ ಸಂಖ್ಯೆ, ಯಾರಿಂದ ಅಥವಾ ಯಾರಿಗೆ, ಯಾವುದಕ್ಕಾಗಿ, ಎಷ್ಟು, ನಗದೋ ಬ್ಯಾಂಕೋ, ಯಾವ ಶಿರೋನಾಮೆ ಎಂಬ ಏಳು ವಿವರಗಳಿದ್ದರೆ ಆ ಸಾಲು ವರ್ಷಗಳ ನಂತರವೂ ತಾನೇ ಮಾತಾಡುತ್ತದೆ. ‘ಸಾಮಾನು, 640’ ಎಂದು ಬರೆದ ಸಾಲು ಯಾರಿಗೂ ಏನನ್ನೂ ಹೇಳುವುದಿಲ್ಲ. ‘ಬಿಳಿ ಜೇಡಿ, 32 ಕಿಲೋ, ಕಿಲೋಗೆ 20ರಂತೆ’ ಎಂದು ಬರೆದರೆ ಮುಂದೆ ದಾಸ್ತಾನು ಕಟ್ಟುವಾಗ ಬಿಲ್ಲನ್ನು ಹುಡುಕುವ ಅಗತ್ಯವೇ ಬೀಳುವುದಿಲ್ಲ. ಕೈಕಸುಬಿನವರ ಕಿರ್ದಿಯಲ್ಲಿ ಹಣದ ಜೊತೆ ಪ್ರಮಾಣವೂ ಇರಲೇಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಶಿರೋನಾಮೆಗಳನ್ನು ಹತ್ತು ಹನ್ನೆರಡಕ್ಕೆ ನಿಲ್ಲಿಸಿ. ಮಾರಾಟ, ಕಚ್ಚಾಮಾಲು, ತಯಾರಿಕೆಯ ಇಂಧನ ಮತ್ತು ವಿದ್ಯುತ್ತು, ಕೆಲಸಗಾರರ ಕೂಲಿ, ಪ್ಯಾಕಿಂಗ್ ಮತ್ತು ಸಾಗಣೆ, ಕಮಿಷನ್ ಮತ್ತು ಪಾವತಿ ಶುಲ್ಕ, ಮೇಳ ಹಾಗೂ ಪ್ರಚಾರ, ಉಪಕರಣ, ಕಚೇರಿ ಖರ್ಚು, ಸ್ವಂತಕ್ಕೆ ತೆಗೆದದ್ದು, ತೆರಿಗೆ ಇಷ್ಟಿದ್ದರೆ ಬಹುತೇಕ ಎಲ್ಲ ಸಾಲುಗಳಿಗೂ ಮನೆ ಸಿಗುತ್ತದೆ. ಶಿರೋನಾಮೆ ಹೆಚ್ಚಾದಷ್ಟೂ ಒಂದೇ ಬಗೆಯ ಖರ್ಚು ಒಮ್ಮೆ ಒಂದು ಕಡೆ, ಇನ್ನೊಮ್ಮೆ ಮತ್ತೊಂದು ಕಡೆ ಸೇರಿಹೋಗುವ ಅಪಾಯವೂ ಹೆಚ್ಚುತ್ತದೆ.

ವಾರಕ್ಕೊಂದು ನಿಗದಿತ ಗಂಟೆಯನ್ನು ಕಿರ್ದಿಗೆ ಕೊಡಿ. ತಿಂಗಳಿಗೊಮ್ಮೆ ಬ್ಯಾಂಕಿನ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡಿ, ತಾಳೆಯಾದದ್ದಕ್ಕೆ ಗುರುತು ಹಾಕಿ. ಗುರುತು ಬೀಳದೆ ಉಳಿದ ಸಾಲುಗಳೇ ಆ ತಿಂಗಳ ಪ್ರಶ್ನೆಗಳು: ಬರೆಯಲು ಮರೆತ ಖರ್ಚು, ಎರಡು ಸಲ ಬರೆದ ಮಾರಾಟ, ಬ್ಯಾಂಕು ತೆಗೆದುಕೊಂಡ ಶುಲ್ಕ, ಇನ್ನೂ ಬಾರದ ಹಣ. ರಸೀದಿಗಳ ಫೋಟೋವನ್ನು ಅದೇ ದಿನ ತೆಗೆದು, ಕಡತದ ಹೆಸರಿನಲ್ಲಿ ದಿನಾಂಕ, ಮಾರಿದವರ ಹೆಸರು, ಮೊತ್ತ ಈ ಮೂರನ್ನು ಸೇರಿಸಿ ಇಡಿ. ಶಾಖದಿಂದ ಮುದ್ರಣವಾಗುವ ಥರ್ಮಲ್ ಕಾಗದದ ರಸೀದಿಗಳು ಬಿಸಿಲು ಮತ್ತು ಸೆಕೆಗೆ ಬೇಗ ಮಾಸುತ್ತವೆ. ಬಿಳಿಯ ಚೀಟಿಯೊಂದನ್ನು ತೋರಿಸಿ ಖರ್ಚನ್ನು ರುಜುವಾತು ಮಾಡಲು ಬರುವುದಿಲ್ಲ.

ಒಂದು ಬಟ್ಟಲಿನ ಅಸಲು

ಈಗ ಮುಖ್ಯ ವಿಷಯಕ್ಕೆ ಬರೋಣ. ಕಚ್ಚಾಮಾಲು ಕೊಂಡ ದಿನ ನಿಮ್ಮ ಹಣ ಖರ್ಚಾಗಿಲ್ಲ, ರೂಪ ಬದಲಿಸಿದೆ ಅಷ್ಟೆ. ಜೇಡಿಯ ಚೀಲ ಮೂಲೆಯಲ್ಲಿ ಇರುವ ತನಕ ಅದು ನಿಮ್ಮ ಆಸ್ತಿ; ಅದರಿಂದ ಮಾಡಿದ ಬಟ್ಟಲು ಮಾರಾಟವಾದ ದಿನ ಮಾತ್ರ ಅದರ ಅಸಲು, ಎಂದರೆ ಅದನ್ನು ಮಾಡಲು ತಗುಲಿದ ವೆಚ್ಚ, ಖರ್ಚಾಗಿ ಲಾಭ-ನಷ್ಟದ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಒಂದು ವಸ್ತುವಿನ ಅಸಲು ಎಷ್ಟು ಎಂಬುದನ್ನು ತಿಳಿಯದೆ ಲಾಭವನ್ನು ತಿಳಿಯಲು ಸಾಧ್ಯವೇ ಇಲ್ಲ.

ಒಂದು ಬಾರಿಯ ತಯಾರಿಕೆಯನ್ನು ಹತ್ತಿರದಿಂದ ನೋಡೋಣ; ನಾಣ್ಯ ಯಾವುದಾದರೂ ಇರಲಿ, ಅಂಕಿಗಳನ್ನು ಮಾತ್ರ ಗಮನಿಸಿ. ಐವತ್ತು ಬಟ್ಟಲುಗಳಿಗೆ ತಲಾ 400 ಗ್ರಾಂ ಹಸಿ ಜೇಡಿ ಎಂದರೆ 20 ಕಿಲೋ, ಕಿಲೋಗೆ 20ರಂತೆ 400 ಆಯಿತು. ಮೆರುಗು ದ್ರಾವಣಕ್ಕೆ 150. ಮೊದಲ ಸುಡುವಿಕೆ ಮತ್ತು ಮೆರುಗಿನ ಸುಡುವಿಕೆ ಎರಡಕ್ಕೂ ಸೇರಿ ವಿದ್ಯುತ್ತು 350. ಇದನ್ನು ಊಹಿಸಬೇಕಿಲ್ಲ, ಕುಲುಮೆ ಹಚ್ಚುವ ಮೊದಲು ಮತ್ತು ಆರಿದ ನಂತರ ಮೀಟರಿನ ಅಂಕಿಯನ್ನು ಕುಲುಮೆಯ ಪಕ್ಕದ ಹಲಗೆಯ ಮೇಲೆ ಬರೆದರೆ ಬಳಕೆಯಾದ ಯೂನಿಟ್ಟುಗಳು ಸಿಗುತ್ತವೆ, ಮನೆಯ ಉಳಿದ ಬಳಕೆಯನ್ನು ಅಂದಾಜಿನಿಂದ ಕಳೆದರಾಯಿತು. ಒಟ್ಟು 900. ಇದನ್ನು 50ರಿಂದ ಭಾಗಿಸಿ ಬಟ್ಟಲಿಗೆ 18 ಎಂದು ಬರೆಯುವುದು ಸಾಮಾನ್ಯ ತಪ್ಪು, ನಾನೂ ಅದನ್ನೇ ಮಾಡಿದ್ದೆ. ಕುಲುಮೆಯ ಬಾಗಿಲು ತೆರೆದಾಗ ಐದು ಬಟ್ಟಲುಗಳಿಗೆ ಬಿರುಕು ಬಿದ್ದಿದ್ದರೆ ಮಾರಲು ಉಳಿದದ್ದು 45, ಆದ್ದರಿಂದ ಒಂದರ ಅಸಲು 20. ಪ್ರತಿ ಸಲವೂ ಸ್ವಾಭಾವಿಕವಾಗಿ ಆಗುವ ಇಂಥ ನಷ್ಟವನ್ನು ಚೆನ್ನಾಗಿ ಬಂದ ವಸ್ತುಗಳೇ ಹೊರಬೇಕು. ಒಂದು ದಿನ ಇಡೀ ತಟ್ಟೆಯೇ ಕುಸಿದು ಮೂವತ್ತು ಬಟ್ಟಲುಗಳು ಹಾಳಾದರೆ ಅದು ಅಸಾಧಾರಣ ನಷ್ಟ; ಅದನ್ನು ಉಳಿದ ಇಪ್ಪತ್ತರ ಮೇಲೆ ಹೇರದೆ ಆ ವರ್ಷದ ನಷ್ಟವೆಂದು ಬೇರೆಯಾಗಿಯೇ ಬರೆಯಬೇಕು. ಹೆಣೆಯುವವರಿಗೆ ಉಳಿದ ದಾರದ ತುಂಡು, ಚರ್ಮ ಕತ್ತರಿಸುವವರಿಗೆ ಅಂಚಿನ ಚೂರು, ಮರಗೆಲಸದವರಿಗೆ ಹೊಟ್ಟು ಇವೆಲ್ಲಕ್ಕೂ ಇದೇ ನಿಯಮ ಅನ್ವಯಿಸುತ್ತದೆ.

ಕೂಲಿಗೆ ಬಂದವರಿಗೆ ಕೊಟ್ಟ ಹಣ ಈ ಅಸಲಿನಲ್ಲಿ ಸೇರುತ್ತದೆ. ನಿಮ್ಮ ಸ್ವಂತ ದುಡಿಮೆ ತೆರಿಗೆಯ ಅಸಲಿನಲ್ಲಿ ಸೇರುವುದಿಲ್ಲ, ಆದರೆ ಬೆಲೆ ಕಟ್ಟುವಾಗ ಖಂಡಿತ ಸೇರಬೇಕು. ಇವೆರಡು ಬೇರೆ ಬೇರೆ ಲೆಕ್ಕಗಳು. ಒಂದನ್ನು ಇಲಾಖೆಗಾಗಿ, ಇನ್ನೊಂದನ್ನು ನಿಮಗಾಗಿ ಇಡುತ್ತೀರಿ. ತೆರಿಗೆಯ ಪುಸ್ತಕದಲ್ಲಿ 20 ಎಂದು ಕಂಡದ್ದನ್ನೇ ನಂಬಿ 40ಕ್ಕೆ ಮಾರಿ ದುಪ್ಪಟ್ಟು ಲಾಭವಾಯಿತೆಂದು ಸಂತೋಷಪಡುವವರು, ಆ ಬಟ್ಟಲಿನ ಮೇಲೆ ತಾವು ಕಳೆದ ನಲವತ್ತು ನಿಮಿಷಗಳಿಗೆ ಬೆಲೆಯನ್ನೇ ಕೊಟ್ಟಿರುವುದಿಲ್ಲ. ಎಷ್ಟೋ ಒಳ್ಳೆಯ ಕೈಗಳು ಈ ಒಂದು ಲೆಕ್ಕ ತಪ್ಪಿ ಕಸುಬನ್ನೇ ಬಿಟ್ಟಿರುವುದನ್ನು ನೋಡಿ ನನಗೆ ಸಂಕಟವಾಗಿದೆ.

ಪ್ಯಾಕಿಂಗ್ ಡಬ್ಬಿ, ಅಂಚೆ ವೆಚ್ಚ, ಮಾರಾಟದ ಕಮಿಷನ್ ಇವು ವಸ್ತುವಿನ ಅಸಲಿಗೆ ಸೇರದೆ ಮಾರಾಟದ ಖರ್ಚಾಗಿ ನೇರವಾಗಿ ಬರೆಯಲ್ಪಡುತ್ತವೆ. ಒಂದೇ ಕಚ್ಚಾಮಾಲನ್ನು ಬೇರೆ ಬೇರೆ ದರಗಳಲ್ಲಿ ಕೊಂಡಿದ್ದರೆ ಎರಡು ದಾರಿಗಳಿವೆ. ಮೊದಲು ಬಂದದ್ದು ಮೊದಲು ಬಳಕೆಯಾಯಿತೆಂದು ಭಾವಿಸುವುದು ಒಂದು; ಸರಾಸರಿ ತೆಗೆಯುವುದು ಇನ್ನೊಂದು. ಹತ್ತು ಕಿಲೋ 20ರಂತೆ, ಮತ್ತೆ ಹತ್ತು ಕಿಲೋ 24ರಂತೆ ಕೊಂಡರೆ ಸರಾಸರಿ ದರ 22. ಒಂದೇ ತೊಟ್ಟಿಯಲ್ಲಿ ಕಲಸಿಹೋಗುವ ಜೇಡಿ, ಮೇಣ, ಬಣ್ಣಗಳಿಗೆ ಸರಾಸರಿಯೇ ಸಹಜ ಎಂಬುದು ನನ್ನ ಅನುಭವ. ಕೊನೆಗೆ ಬಂದದ್ದು ಮೊದಲು ಹೋಯಿತೆಂದು ಎಣಿಸುವ ಮೂರನೆಯ ಪದ್ಧತಿಯನ್ನು ಅಂತರರಾಷ್ಟ್ರೀಯ ಲೆಕ್ಕ ಮಾನದಂಡಗಳು ಒಪ್ಪುವುದಿಲ್ಲ, ಅಮೆರಿಕದಂಥ ಕೆಲವು ದೇಶಗಳಲ್ಲಿ ಅದಕ್ಕೆ ಅವಕಾಶ ಉಳಿದಿದೆ. ಯಾವುದನ್ನು ಆರಿಸಿದರೂ ವರ್ಷದಿಂದ ವರ್ಷಕ್ಕೆ ಅದನ್ನೇ ಪಾಲಿಸಬೇಕು.

ಇಲ್ಲಿ ಒಂದು ವಿನಾಯಿತಿಯನ್ನು ಹೇಳಲೇಬೇಕು. ಹಣ ಕೊಟ್ಟ ದಿನವೇ ಖರ್ಚು, ಬಂದ ದಿನವೇ ಆದಾಯ ಎಂಬ ನಗದು ಪದ್ಧತಿಯನ್ನು ಕೆಲವು ದೇಶಗಳು ಸಣ್ಣ ವ್ಯಾಪಾರಿಗಳಿಗೆ ಅನುಮತಿಸುತ್ತವೆ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 6ರಿಂದ ಏಕವ್ಯಕ್ತಿ ವ್ಯಾಪಾರಿಗಳು ಬೇರೆಯದನ್ನು ಆರಿಸದಿದ್ದರೆ ತಾನಾಗಿ ಅನ್ವಯಿಸುವುದು ಇದೇ ಪದ್ಧತಿ. ಭಾರತದಲ್ಲಿ ನಿಗದಿತ ಮಿತಿಯೊಳಗಿನ ಸಣ್ಣ ವ್ಯಾಪಾರಿಗಳು ವಹಿವಾಟಿನ ಶೇ. 8ನ್ನು, ಡಿಜಿಟಲ್ ಆಗಿ ಬಂದ ಹಣದ ಮಟ್ಟಿಗೆ ಶೇ. 6ನ್ನು ಲಾಭವೆಂದು ಘೋಷಿಸುವ ಅಂದಾಜು ಪದ್ಧತಿಯನ್ನು ಆರಿಸಿಕೊಳ್ಳಬಹುದು. ಇವುಗಳಿಂದ ತೆರಿಗೆಯ ರಿಟರ್ನ್ ಸಲ್ಲಿಸುವ ಕೆಲಸ ಹಗುರಾಗುತ್ತದೆ ನಿಜ. ಆದರೂ ಅಸಲಿನ ಲೆಕ್ಕವನ್ನು ಬಿಡಬೇಡಿ ಎನ್ನುತ್ತೇನೆ. ಯಾವ ವಸ್ತು ಮಾಡಿದರೆ ಬದುಕು ನಡೆಯುತ್ತದೆ ಎಂಬುದನ್ನು ಅಂದಾಜು ಪದ್ಧತಿ ಹೇಳುವುದಿಲ್ಲ.

ಮಾರಾಟವನ್ನು ಪೂರ್ಣವಾಗಿ ಬರೆಯುವುದು

ಆನ್‌ಲೈನ್ ಮಾರುಕಟ್ಟೆಯಿಂದ ಬ್ಯಾಂಕಿಗೆ ಬಂದ ಮೊತ್ತವನ್ನೇ ಮಾರಾಟವೆಂದು ಬರೆಯುವುದು ಕೈಕಸುಬಿನವರಲ್ಲಿ ಅತ್ಯಂತ ವ್ಯಾಪಕವಾದ ತಪ್ಪು. ಬಟ್ಟಲುಗಳ ಒಂದು ಜೋಡಿ 1,000ಕ್ಕೆ ಮಾರಾಟವಾಗಿ, ಸಾಗಣೆಗೆಂದು ಗಿರಾಕಿ 80 ಕೊಟ್ಟು, ಮಾರುಕಟ್ಟೆಯು ಕಮಿಷನ್ 70, ಪಾವತಿ ಶುಲ್ಕ 30, ಜಾಹೀರಾತಿಗೆ 40 ಹಿಡಿದುಕೊಂಡರೆ ನಿಮ್ಮ ಖಾತೆಗೆ ಬರುವುದು 940. ಕಿರ್ದಿಯಲ್ಲಿ 940ರ ಒಂದೇ ಸಾಲು ಇದ್ದರೆ ಸಾಲದು. ಮಾರಾಟ 1,080 ಎಂದು ಜಮೆಗೆ, ಶುಲ್ಕಗಳ 140ನ್ನು ಖರ್ಚಿಗೆ ಬರೆದು, ಉಳಿದ 940 ಬ್ಯಾಂಕಿನ ಜಮೆಯೊಡನೆ ತಾಳೆಯಾಗುವಂತೆ ತೋರಿಸಬೇಕು. ಲಾಭ ಎರಡರಲ್ಲೂ ಒಂದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಲಾಭ ಒಂದೇ ಆದರೂ ವಹಿವಾಟು ಒಂದೇ ಅಲ್ಲ. ತೆರಿಗೆಗೆ ನೋಂದಾಯಿಸಬೇಕಾದ ಮಿತಿ ದಾಟಿದಿರೋ ಇಲ್ಲವೋ ಎಂಬುದನ್ನು ಅಳೆಯುವುದು ಶುಲ್ಕ ಕಳೆಯುವ ಮೊದಲಿನ ಒಟ್ಟು ವಹಿವಾಟಿನಿಂದ. ಅಲ್ಲದೆ ಈಗ ಆನ್‌ಲೈನ್ ಮಾರುಕಟ್ಟೆಗಳು ನಿಮ್ಮ ಮಾರಾಟದ ವಿವರವನ್ನು ತೆರಿಗೆ ಇಲಾಖೆಗೆ ತಾವೇ ಒಪ್ಪಿಸುತ್ತವೆ. ಯುರೋಪಿಯನ್ ಒಕ್ಕೂಟದಲ್ಲಿ 2023ರಿಂದ ಈ ನಿಯಮ ಜಾರಿಯಲ್ಲಿದೆ, ಅಮೆರಿಕದಲ್ಲಿ ಹೋಗುವ ಇಂಥ ವರದಿಯಲ್ಲಿ ಇರುವುದು ಶುಲ್ಕ ಕಳೆಯದ ಒಟ್ಟು ಮೊತ್ತವೇ. ಇಲಾಖೆಯ ಬಳಿ ಇರುವ ಅಂಕಿಗೂ ನಿಮ್ಮ ಪುಸ್ತಕದ ಅಂಕಿಗೂ ಹೊಂದಿಕೆಯಾಗದಿದ್ದರೆ ನೋಟಿಸು ಬರುವುದು ನಿಮಗೆ.

ಕೆಲವು ದೇಶಗಳಲ್ಲಿ ಮಾರುಕಟ್ಟೆಯೇ ತೆರಿಗೆಯ ಸಣ್ಣ ಪಾಲನ್ನು ಮೂಲದಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟುತ್ತದೆ. ಭಾರತದಲ್ಲಿ ಇದು ರೂಢಿಯಲ್ಲಿದೆ. ಹೀಗೆ ಹಿಡಿದದ್ದು ಕಮಿಷನ್ನಿನಂಥ ಖರ್ಚಲ್ಲ. ಅದು ನಿಮ್ಮ ಹೆಸರಿನಲ್ಲಿ ಮುಂಚಿತವಾಗಿ ಕಟ್ಟಿದ ತೆರಿಗೆ, ವರ್ಷದ ಕೊನೆಗೆ ಕೊಡಬೇಕಾದದ್ದರಲ್ಲಿ ವಜಾ ಮಾಡಿಕೊಳ್ಳುವ ಹಕ್ಕಿನ ಹಣ. ಬೇರೆ ಶಿರೋನಾಮೆಯಲ್ಲಿ ಬರೆಯದಿದ್ದರೆ ಅದು ಕೈತಪ್ಪಿ ಹೋಗುತ್ತದೆ.

ಮೇಳಗಳ ನಗದು ಮಾರಾಟಕ್ಕೆ ಬೇರೆಯದೇ ಶಿಸ್ತು ಬೇಕು. ಚಿಲ್ಲರೆಗೆಂದು 500 ಇಟ್ಟು ಪೆಟ್ಟಿಗೆ ತೆರೆದಿರಿ, ಚೀಟಿಯಲ್ಲಿ ಗುರುತು ಹಾಕಿದ ಮಾರಾಟ 3,600, ವಾಹನ ನಿಲುಗಡೆಗೆ ಪೆಟ್ಟಿಗೆಯಿಂದಲೇ 150 ಕೊಟ್ಟಿರಿ ಎಂದರೆ ಸಂಜೆ ಪೆಟ್ಟಿಗೆಯಲ್ಲಿ 3,950 ಇರಬೇಕು. ಎಣಿಸಿದಾಗ 3,850 ಸಿಕ್ಕಿತೆನ್ನಿ. ಆ ನೂರನ್ನು ಮುಚ್ಚಲು ಮಾರಾಟವನ್ನು 3,500 ಎಂದು ತಿದ್ದಬಾರದು. ಮಾರಾಟ 3,600 ಎಂದೇ ಇರಲಿ, ‘ನಗದು ಕೊರತೆ 100’ ಎಂದು ಒಂದು ಸಾಲು ಬರೆಯಿರಿ. ಅಂಗಡಿ ಕಟ್ಟುವ ಮೊದಲೇ, ನಿಂತಲ್ಲಿಯೇ ಎಣಿಸುವುದು ಒಳ್ಳೆಯದು. ಮನೆಗೆ ಬಂದ ಮೇಲೆ ಎಣಿಸಿದ ಹಣದಲ್ಲಿ ದಾರಿಯ ಖರ್ಚೂ ಬೆರೆತಿರುತ್ತದೆ.

ಬೇರೆಯವರ ಅಂಗಡಿಯಲ್ಲಿ ‘ಮಾರಾಟವಾದರೆ ಹಣ’ ಎಂಬ ಒಪ್ಪಂದದ ಮೇಲೆ ಇಟ್ಟ ವಸ್ತುಗಳ ವಿಷಯದಲ್ಲಿ ನನಗೊಂದು ಕಹಿ ಪಾಠವಾಗಿದೆ. ಒಂದು ಅಂಗಡಿಗೆ ಅರವತ್ತು ಬಟ್ಟಲುಗಳನ್ನು ಕೊಟ್ಟ ದಿನವೇ ಮಾರಾಟವೆಂದು ಬರೆದುಬಿಟ್ಟೆ. ವರ್ಷ ಮುಗಿದು ತೆರಿಗೆ ಕಟ್ಟಿದ ನಂತರ ಅವುಗಳಲ್ಲಿ ಮೂವತ್ತೆಂಟು ಹಾಗೆಯೇ ಹಿಂದಿರುಗಿದವು, ಅದರಲ್ಲಿ ಆರರ ಅಂಚು ಒಡೆದಿತ್ತು. ಬಾರದ ಹಣಕ್ಕೆ ತೆರಿಗೆ ಕಟ್ಟಿದ್ದಾಗಿತ್ತು, ಒಡೆದದ್ದಕ್ಕೆ ಯಾರು ಹೊಣೆ ಎಂಬುದಕ್ಕೆ ಒಂದು ಚೀಟಿಯೂ ಇರಲಿಲ್ಲ. ಇಂಥ ವಸ್ತುಗಳು ಗಿರಾಕಿಯ ಕೈಸೇರುವವರೆಗೂ ನಿಮ್ಮ ದಾಸ್ತಾನೇ. ಇರುವ ಜಾಗ ಮಾತ್ರ ಬೇರೆ. ಅಂಗಡಿಗೊಂದರಂತೆ ಪ್ರತ್ಯೇಕ ಹಾಳೆ ಇಟ್ಟು, ಕೊಟ್ಟದ್ದು, ಮಾರಿದ್ದು, ಮರಳಿದ್ದು, ಉಳಿದದ್ದು ಎಂಬ ನಾಲ್ಕು ಕಲಮುಗಳನ್ನು ತಿಂಗಳಿಗೊಮ್ಮೆ ಅಂಗಡಿಯವರ ಸಹಿಯೊಂದಿಗೆ ಮುಚ್ಚಿ.

ಮುಂಗಡ ಕೊಟ್ಟು ಮಾಡಿಸಿಕೊಳ್ಳುವ ಆರ್ಡರುಗಳೂ ಹೀಗೆಯೇ. ವಸ್ತುವನ್ನು ಒಪ್ಪಿಸುವ ತನಕ ಮುಂಗಡ ಗಿರಾಕಿಗೆ ನೀವು ತೀರಿಸಬೇಕಾದ ಋಣ. ನಗದು ಪದ್ಧತಿಯಲ್ಲಿರುವವರಿಗೆ ಮಾತ್ರ ಬಂದ ದಿನವೇ ಅದು ಆದಾಯವಾಗುತ್ತದೆ.

ಗಿರಾಕಿಯಿಂದ ಸಂಗ್ರಹಿಸುವ ತೆರಿಗೆ

ಮಾರಾಟದ ಪ್ರತಿ ಹಂತದಲ್ಲೂ ಸೇರಿದ ಮೌಲ್ಯದ ಮೇಲೆ ಬೀಳುವ ಮೌಲ್ಯವರ್ಧಿತ ತೆರಿಗೆ 1954ರಲ್ಲಿ ಫ್ರಾನ್ಸಿನಲ್ಲಿ ಆರಂಭವಾಗಿ ಇಂದು ಜಗತ್ತಿನ ಬಹುಪಾಲು ದೇಶಗಳಲ್ಲಿ ಒಂದಲ್ಲ ಒಂದು ಹೆಸರಿನಲ್ಲಿದೆ. ಅಮೆರಿಕದಲ್ಲಿ ಅದರ ಬದಲು ರಾಜ್ಯಗಳ ಮಾರಾಟ ತೆರಿಗೆ ಇದೆ. ಒಂದು ಮಿತಿಯವರೆಗೆ ಸಣ್ಣ ವ್ಯಾಪಾರಿಗಳು ಇದರಿಂದ ಹೊರಗಿರಬಹುದು. ಬ್ರಿಟನ್‌ನಲ್ಲಿ 2024ರ ಏಪ್ರಿಲ್‌ನಿಂದ ಈ ಮಿತಿ 90,000 ಪೌಂಡ್, ಆಸ್ಟ್ರೇಲಿಯದಲ್ಲಿ 75,000 ಡಾಲರ್, ನ್ಯೂಜಿಲೆಂಡಿನಲ್ಲಿ 60,000 ಡಾಲರ್, ಕೆನಡಾದಲ್ಲಿ 30,000 ಡಾಲರ್, ಅವರವರ ನಾಣ್ಯದಲ್ಲಿ. ಬ್ರಿಟನ್ ಮಾದರಿಯ ನಿಯಮವಿರುವ ಕಡೆ ಲೆಕ್ಕ ಹಾಕುವುದು ತೆರಿಗೆ ವರ್ಷದ ವಹಿವಾಟನ್ನಲ್ಲ, ಯಾವುದೇ ತಿಂಗಳ ಕೊನೆಗೆ ಹಿಂದಿನ ಹನ್ನೆರಡು ತಿಂಗಳ ವಹಿವಾಟನ್ನು. ಹಬ್ಬದ ಕಾಲದಲ್ಲಿ ಮಾರಾಟ ಒಮ್ಮೆಲೇ ಏರುವ ನಮ್ಮಂಥವರು ಕಿರ್ದಿಯ ಪಕ್ಕದಲ್ಲಿ ಈ ಹನ್ನೆರಡು ತಿಂಗಳ ಮೊತ್ತವನ್ನು ಪ್ರತಿ ತಿಂಗಳೂ ಬರೆದುಕೊಂಡರೆ ಮಿತಿ ಹತ್ತಿರವಾದದ್ದು ಮೊದಲೇ ಕಾಣುತ್ತದೆ.

ನೋಂದಣಿಯಾದ ಮೇಲೆ ಗಿರಾಕಿಯಿಂದ ಪಡೆದ ತೆರಿಗೆ ನಿಮ್ಮ ಆದಾಯವಲ್ಲ, ಸರ್ಕಾರಕ್ಕಾಗಿ ನಿಮ್ಮ ಬಳಿ ತಂಗಿರುವ ಹಣ. ತೆರಿಗೆ ಸೇರಿದ ಬೆಲೆಯಿಂದ ತೆರಿಗೆಯನ್ನು ಬಿಡಿಸುವಾಗ ಎಡವುವವರು ಬಹಳ. ದರ ಶೇ. 20 ಇದ್ದು ಬೆಲೆ 120 ಆದರೆ ತೆರಿಗೆ 24 ಅಲ್ಲ, 20. ಬೆಲೆಯನ್ನು ದರದಿಂದ ಗುಣಿಸಿ, ನೂರಕ್ಕೆ ದರವನ್ನು ಕೂಡಿಸಿ ಬಂದ ಅಂಕಿಯಿಂದ ಭಾಗಿಸಬೇಕು. ನೀವು ಕಚ್ಚಾಮಾಲಿಗೆ ತೆತ್ತ ತೆರಿಗೆಯನ್ನು ಇದರಲ್ಲಿ ವಜಾ ಮಾಡಿಕೊಳ್ಳಬಹುದು. ಹಾಗೆ ವಜಾ ಮಾಡಿಕೊಂಡ ತೆರಿಗೆಯನ್ನು ವಸ್ತುವಿನ ಅಸಲಿನಲ್ಲಿ ಮತ್ತೆ ಸೇರಿಸಬಾರದು. ನೋಂದಣಿ ಇಲ್ಲದವರಿಗೆ ಮಾತ್ರ ಅದು ಅಸಲಿನ ಭಾಗ. ಮಿತಿಯೊಳಗಿದ್ದೂ ಸ್ವಇಚ್ಛೆಯಿಂದ ನೋಂದಾಯಿಸಬೇಕೇ ಎಂದರೆ, ನಿಮ್ಮ ಗಿರಾಕಿಗಳು ನೋಂದಾಯಿತ ಅಂಗಡಿಗಳಾಗಿದ್ದರೆ ಯೋಚಿಸಬಹುದು, ಏಕೆಂದರೆ ಅವರೂ ವಜಾ ಪಡೆಯುತ್ತಾರೆ. ಕೊಳ್ಳುವವರು ಸಾಮಾನ್ಯ ಜನರಾಗಿದ್ದರೆ ಇಡೀ ತೆರಿಗೆ ಬೆಲೆಯ ಮೇಲೆ ಬೀಳುತ್ತದೆ; ಶ್ರಮವೇ ಹೆಚ್ಚು, ಕಚ್ಚಾಮಾಲು ಕಡಿಮೆ ಇರುವ ಕೈಕಸುಬಿನಲ್ಲಿ ವಜಾ ಆಗುವ ಮೊತ್ತವೂ ಅಲ್ಪವೇ. ಆದ್ದರಿಂದ ಕಡ್ಡಾಯವಾಗುವವರೆಗೆ ಕಾಯುವುದೇ ಹೆಚ್ಚಿನವರಿಗೆ ಲೇಸು ಎಂಬುದು ನನ್ನ ಅಭಿಪ್ರಾಯ.

ಆದಾಯ ತೆರಿಗೆಗೆ ಹಣ ತೆಗೆದಿಡುವುದು

ತೆರಿಗೆ ವರ್ಷ ಎಲ್ಲೆಡೆ ಒಂದೇ ಅಲ್ಲ. ಭಾರತದಲ್ಲಿ ಅದು ಏಪ್ರಿಲ್ 1ಕ್ಕೆ, ಬ್ರಿಟನ್‌ನಲ್ಲಿ ಏಪ್ರಿಲ್ 6ಕ್ಕೆ, ಆಸ್ಟ್ರೇಲಿಯದಲ್ಲಿ ಜುಲೈ 1ಕ್ಕೆ ಶುರುವಾಗುತ್ತದೆ. ಅಮೆರಿಕದಲ್ಲಿ ವ್ಯಕ್ತಿಗಳಿಗೆ ಸಾಮಾನ್ಯವಾಗಿ ಕ್ಯಾಲೆಂಡರ್ ವರ್ಷವೇ. ಸಂಬಳದವರಿಗೆ ತಿಂಗಳು ತಿಂಗಳೂ ಕಡಿತವಾಗುವ ತೆರಿಗೆಯನ್ನು ಸ್ವಂತ ವ್ಯಾಪಾರದವರು ತಾವೇ ಕಂತುಗಳಲ್ಲಿ ಕಟ್ಟಬೇಕಾಗಬಹುದು. ಪ್ರತಿ ತಿಂಗಳು ಕಿರ್ದಿ ತಾಳೆಯಾದ ದಿನ, ಆ ತಿಂಗಳ ಅಂದಾಜು ಲಾಭದ ನಿಗದಿತ ಪಾಲನ್ನು ಬೇರೊಂದು ಉಳಿತಾಯ ಖಾತೆಗೆ ಹಾಕಿ. ಮಾರಾಟದ ಮೇಲೆ ಪಾಲು ತೆಗೆಯಬೇಡಿ, ಲಾಭದ ಮೇಲೆ ತೆಗೆಯಿರಿ. ಪಾಲು ಎಷ್ಟಿರಬೇಕೆಂಬುದಕ್ಕೆ ಹಿಂದಿನ ವರ್ಷ ಕಟ್ಟಿದ ಒಟ್ಟು ತೆರಿಗೆಯನ್ನು ಆ ವರ್ಷದ ಲಾಭದಿಂದ ಭಾಗಿಸಿ ಬಂದ ಅಂಶವೇ ಒಳ್ಳೆಯ ಆಧಾರ. ಆದಾಯ ತೆರಿಗೆಯಷ್ಟನ್ನೇ ಎಣಿಸಿ ಸಾಮಾಜಿಕ ಭದ್ರತೆಯ ಪಾಲನ್ನು ಮರೆಯಬಾರದು: ಅಮೆರಿಕದಲ್ಲಿ ಸ್ವಂತ ದುಡಿಮೆಯ ನಿವ್ವಳ ಗಳಿಕೆ 400 ಡಾಲರ್ ಮುಟ್ಟಿದರೆ ಶೇ. 15.3 ದರದ ಪ್ರತ್ಯೇಕ ತೆರಿಗೆಯೇ ಇದೆ.

ಮನೆಯಲ್ಲೇ ಕೆಲಸ ಮಾಡುವವರು ಬಾಡಿಗೆ, ವಿದ್ಯುತ್ತು, ಇಂಟರ್ನೆಟ್ಟುಗಳ ಒಂದು ಪಾಲನ್ನು ವ್ಯಾಪಾರದ ಖರ್ಚಾಗಿ ತೋರಿಸಬಹುದು. ಕೆಲಸದ ಕೋಣೆ ಮನೆಯ ವಿಸ್ತೀರ್ಣದ ಹತ್ತನೆಯ ಒಂದು ಪಾಲಾಗಿದ್ದರೆ ಬಾಡಿಗೆಯ ಹತ್ತನೆಯ ಒಂದು ಪಾಲು ಎಂಬಂತೆ ಅಳತೆಗೆ ಆಧಾರವಿರಲಿ, ಆ ಅಳತೆಯ ನಕ್ಷೆಯೊಂದು ಕಡತದಲ್ಲಿರಲಿ. ಅಮೆರಿಕದ ನಿಯಮದಂತೆ ಆ ಜಾಗ ವ್ಯಾಪಾರಕ್ಕೆ ಮಾತ್ರವೇ ನಿಯತವಾಗಿ ಬಳಕೆಯಾಗುತ್ತಿರಬೇಕು. ಕುಲುಮೆಯ ವಿದ್ಯುತ್ತನ್ನು ಈಗಾಗಲೇ ಅಸಲಿನಲ್ಲಿ ಸೇರಿಸಿದ್ದರೆ ಮನೆಯ ಪಾಲು ತೆಗೆಯುವ ಮೊದಲು ಅದನ್ನು ಬಿಲ್ಲಿನಿಂದ ಕಳೆಯಬೇಕು, ಇಲ್ಲವಾದರೆ ಒಂದೇ ಖರ್ಚು ಎರಡು ಸಲ ಬರುತ್ತದೆ. ಕುಲುಮೆಯಂಥ ಬಹುಕಾಲ ಬಾಳುವ ಉಪಕರಣಗಳನ್ನು ಕೊಂಡ ವರ್ಷವೇ ಪೂರ್ತಿ ಕಳೆಯಬಹುದೋ ವರ್ಷಗಳ ಮೇಲೆ ಸವಕಳಿಯಾಗಿ ಹಂಚಬೇಕೋ ಎಂಬುದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು.

ವರ್ಷದ ಕೊನೆಯ ದಿನ

ಆ ದಿನ ಯಾವ ಆರ್ಡರನ್ನೂ ಹಿಡಿಯಬೇಡಿ. ತಕ್ಕಡಿ, ಹಾಳೆ, ಪೆನ್ಸಿಲ್ ಹಿಡಿದು ಮೂಲೆಯಿಂದ ಮೂಲೆಗೆ ಎಣಿಸುತ್ತಾ ಹೋಗಿ. ನನ್ನ ಹಾಳೆಯಲ್ಲಿ ಜೇಡಿ 30 ಕಿಲೋ, 20ರಂತೆ 600. ಮೆರುಗಿನ ಪುಡಿಗಳು 400. ಒಮ್ಮೆ ಮಾತ್ರ ಸುಟ್ಟ ಬಟ್ಟಲು 20, ಅಲ್ಲಿಯವರೆಗಿನ ಅಸಲು 10ರಂತೆ 200. ಸಿದ್ಧವಾದದ್ದು 40, ಅಸಲು 20ರಂತೆ 800 ಎಂದಿದ್ದರೆ ಒಟ್ಟು 2,000. ವರ್ಷದ ಆರಂಭದ ದಾಸ್ತಾನು 1,500, ವರ್ಷದಲ್ಲಿ ಕಚ್ಚಾಮಾಲು ಮತ್ತು ಸುಡುವಿಕೆಗೆ ಆದದ್ದು 9,000. ಎರಡನ್ನೂ ಕೂಡಿಸಿ 2,000 ಕಳೆದರೆ ಮಾರಾಟವಾದ ಸರಕಿನ ಅಸಲು 8,500. ಬಿಲ್ಲುಗಳನ್ನಷ್ಟೇ ಕೂಡಿಸಿದವರು 9,000 ಎಂದು ತೋರಿಸಿ ಲಾಭವನ್ನು 500ರಷ್ಟು ಕಡಿಮೆ ಹೇಳುತ್ತಿದ್ದರು. ದಾಸ್ತಾನು ಕರಗಿದ ವರ್ಷ ಇದೇ ತಪ್ಪು ತಿರುಗಿ ಬಿದ್ದು, ಇಲ್ಲದ ಲಾಭಕ್ಕೆ ತೆರಿಗೆ ಕಟ್ಟಿಸುತ್ತದೆ.

ದಾಸ್ತಾನಿಗೆ ಮಾರುವ ಬೆಲೆಯನ್ನು ಹಾಕಬಾರದು, ಅಸಲನ್ನೇ ಹಾಕಬೇಕು. ಬಣ್ಣ ಮಾಸಿಯೋ ರೂಢಿ ತಪ್ಪಿಯೋ ಅಸಲಿಗೂ ಹೋಗದ ವಸ್ತುಗಳಿದ್ದರೆ, ಮಾರಾಟದ ಖರ್ಚು ಕಳೆದು ನಿಜವಾಗಿ ಸಿಗಬಹುದಾದ ಮೊತ್ತಕ್ಕೆ ಇಳಿಸಿ ಬರೆಯಿರಿ. ಅಸಲು ಮತ್ತು ಸಿಗುವ ಮೊತ್ತ ಇವೆರಡರಲ್ಲಿ ಕಡಿಮೆಯದ್ದನ್ನು ಹಿಡಿಯಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡವೂ ಹೌದು. ಪುಸ್ತಕದ ಪ್ರಕಾರ ಇರಬೇಕಾದದ್ದಕ್ಕಿಂತ ಎಣಿಕೆ ಕಡಿಮೆ ಬಂದರೆ ಮೊದಲು ನೆಂಟರಿಗೆ ಉಡುಗೊರೆ ಕೊಟ್ಟದ್ದನ್ನು, ಮನೆಗೆ ಇಟ್ಟುಕೊಂಡದ್ದನ್ನು, ಫೋಟೋಗೆಂದು ಕಳುಹಿಸಿದ ಮಾದರಿಗಳನ್ನು ನೆನಪಿಸಿಕೊಳ್ಳಿ. ಮನೆಗೆ ಹೋದದ್ದು ಸ್ವಂತಕ್ಕೆ ತೆಗೆದದ್ದರ ಲೆಕ್ಕಕ್ಕೆ, ಮಾದರಿ ಪ್ರಚಾರದ ಲೆಕ್ಕಕ್ಕೆ ಸೇರುತ್ತದೆ. ಮನೆಗೆ ಒಯ್ದದ್ದಕ್ಕೆ ಅಸಲನ್ನು ಹಿಡಿಯಬೇಕೋ ಮಾರುವ ಬೆಲೆಯನ್ನೋ ಎಂಬ ಒಂದು ಪ್ರಶ್ನೆಯನ್ನು ಲೆಕ್ಕ ಪರಿಶೋಧಕರಿಗೆ ಕೇಳಿ ಖಚಿತಪಡಿಸಿಕೊಳ್ಳಿ. ದೇಶದಿಂದ ದೇಶಕ್ಕೆ ಅದು ಬೇರೆ.

ಪರಿಶೋಧಕರ ಬಳಿ ಹೋಗುವಾಗ ರಸೀದಿ ತುಂಬಿದ ಚೀಲವನ್ನು ಒಯ್ಯುವ ಬದಲು ತಾಳೆಯಾದ ಕಿರ್ದಿ, ಶಿರೋನಾಮೆವಾರು ಮೊತ್ತ, ದಾಸ್ತಾನಿನ ಹಾಳೆ, ಬಾಕಿಗಳ ಪಟ್ಟಿ, ಮುಂಗಡವಾಗಿ ಕಟ್ಟಿದ ತೆರಿಗೆಯ ಚಲನ್ನುಗಳು ಇಷ್ಟನ್ನು ಒಯ್ದರೆ ಅವರ ಸಮಯ ಕೂಡಿಸುವುದರಲ್ಲಿ ಕಳೆಯದೆ ಸಲಹೆಗೆ ಸಿಗುತ್ತದೆ.

ತೆರಿಗೆಯ ರಿಟರ್ನ್ ಸಲ್ಲಿಸಿದ ಮೇಲೂ ದಾಖಲೆಗಳನ್ನು ಎಸೆಯುವಂತಿಲ್ಲ. ಆಸ್ಟ್ರೇಲಿಯದಲ್ಲಿ ಸಾಮಾನ್ಯವಾಗಿ ಐದು ವರ್ಷ, ಕೆನಡಾದಲ್ಲಿ ಆರು, ನ್ಯೂಜಿಲೆಂಡಿನಲ್ಲಿ ಏಳು ವರ್ಷ ಇಡಬೇಕು. ಭಾರತದ ಸರಕು ಮತ್ತು ಸೇವಾ ತೆರಿಗೆಯಲ್ಲಿ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು. ಉಪಕರಣದ ಬಿಲ್ಲನ್ನು ಮಾತ್ರ ಈ ಅವಧಿಗೆ ಕಟ್ಟಿಹಾಕದೆ, ಅದನ್ನು ಮಾರಿದ ಅಥವಾ ಕೈಬಿಟ್ಟ ವರ್ಷದಿಂದ ಅವಧಿಯನ್ನು ಎಣಿಸಿ, ಏಕೆಂದರೆ ಅದರ ಸವಕಳಿ ಅಲ್ಲಿಯವರೆಗೂ ಪುಸ್ತಕದಲ್ಲಿ ಮುಂದುವರಿದಿರುತ್ತದೆ. ವರ್ಷಕ್ಕೊಂದು ಪೆಟ್ಟಿಗೆ, ಅದರ ಮೇಲೆ ‘ಈ ದಿನಾಂಕದ ಮೊದಲು ತೆಗೆಯಬಾರದು’ ಎಂಬ ಚೀಟಿ, ಅದೇ ಕಡತಗಳ ಪ್ರತಿಯೊಂದು ಮನೆಯ ಹೊರಗೆ ಬೇರೊಂದು ಕಡೆ. ದಾಸ್ತಾನಿನ ಹಾಳೆಯ ಒಂದು ಪ್ರತಿಯನ್ನು ಮಾತ್ರ ಪೆಟ್ಟಿಗೆಗೆ ಹಾಕದೆ ಹೊಸ ವರ್ಷದ ಕಿರ್ದಿಯ ಮೊದಲ ಪುಟಕ್ಕೆ ಅಂಟಿಸಿ, ಅದರ ಒಟ್ಟು ಮೊತ್ತವನ್ನು ಆರಂಭಿಕ ದಾಸ್ತಾನು ಎಂದು ಬರೆಯಿರಿ.